ಅಜ್ಜನವರನ್ನು ಕೆಡವಿದ ಪೈಲ್ವಾನ

ಮಲಪ್ರಭೆಯ ದಂಡೆಯ ಮೇಲೆ ಎರಡಂಕಣದ ಹಂಚಿನ ಮಠ. ಅಲ್ಲಿ ಪೂಜ್ಯ ಶ್ರೀ ಗುರುಪಾದಜ್ಜನವರು ಒಂದು ಚಾಪೆ, ಒಂದು ಬಟ್ಟಲು ಔಡಲೆಣ್ಣೆ ಇಟ್ಟುಕೊಂಡು ಕೂತಿರುತ್ತಿದ್ದರು. ನೊಂದ ಮೈ ಯಾರದೇ ಇರಲಿ, ತಮ್ಮ ಅಮೃತಹಸ್ತದಿಂದ ತಿಕ್ಕಿ ಹಗುರ ಮಾಡಿ ಕಳಿಸುವುದೇ ಅವರ ಪೂಜೆ. ಎಲುಬು ಮುರಿದಿದ್ದರೆ ಮಾತ್ರ ಮುಟ್ಟದೆ ದವಾಖಾನೆಯ ದಾರಿ ತೋರಿಸುತ್ತಿದ್ದರು.

ಅಲ್ಲಿಗೆ ಒಂದು ಮುಂಜಾನೆ ದುಂಡಪ್ಪ ಪೈಲ್ವಾನ ಬಂದ. ಪ್ರಾಯದಲ್ಲಿ ಅವನು ತೊಡೆ ತಟ್ಟಿದರೆ ಮೂರು ಹರದಾರಿ ಆಚೆ ಕಟ್ಟಿದ ಎಮ್ಮೆ ಹಗ್ಗ ಹರಿದುಕೊಂಡು ಓಡುತ್ತಿತ್ತು. ಎಮ್ಮೆ ಹುಡುಕಿ ತಂದವರೇ ಹೇಳಿದ ಮಾತಿದು. ಅಂಥವನ ಬಲಭುಜ ಮೂರು ತಿಂಗಳಿಂದ ಸೆಟೆದು ನಿಂತಿತ್ತು. ರಾತ್ರಿ ನಿದ್ದೆಯಿಲ್ಲ. ಮನೆಯಲ್ಲಿ ಹಸುಗೂಸು ಮೊಮ್ಮಗಳು. ಹುಟ್ಟಿದಾಗಿನಿಂದ ಒಮ್ಮೆಯೂ ಎತ್ತಿಕೊಂಡಿರಲಿಲ್ಲ. ಕಲ್ಲುಗುಂಡು ಎತ್ತಿ ಒಗೆದವನಿಗೆ ಕೂಸು ಭಾರವಾಗಿತ್ತು. ಅವನ ಗರಡಿಯ ಶಿಷ್ಯರು ಮೊಣಕಾಲೂರಿ ತಿಕ್ಕಿ ನೋವು ಇಮ್ಮಡಿ ಮಾಡಿಟ್ಟಿದ್ದರು. ಗರಡಿಯ ಪದ್ಧತಿ ಹಾಗೆ: ಶಿಷ್ಯ ಉಸ್ತಾದನ ಮೈ ತಿಕ್ಕಬೇಕು, ಉಸ್ತಾದ ಯಾರ ಮೈಗೂ ಎಣ್ಣೆ ಹಚ್ಚಬಾರದು.

ಅಜ್ಜನವರ ಕಡ್ಡಿಯಂಥ ತೋಳು ನೋಡಿ ದುಂಡಪ್ಪನಿಗೆ ನಗು ಬಂತು.

“ಅಜ್ಜಾರ, ಈ ಕೈಲೆ ನನ್ನ ತಿಕ್ಕತೀರೇನು? ಬೆರಳು ಮುರದಾವ್ರಿ.”

“ಅಂಗಿ ಕಳದು ಮಲಕ್ಕೊ ತಮ್ಮಾ. ನೋವಾದರ ಹೇಳು, ಹಲ್ಲು ಕಚ್ಚಬ್ಯಾಡ.”

ಅಜ್ಜನವರು ಎಣ್ಣೆ ಬೆಚ್ಚಗೆ ಮಾಡಿ ಅಂಗಾಲಿನಿಂದ ಶುರು ಮಾಡಿದರು.

“ಭುಜ ಈ ಕಡೆ ಐತ್ರಿ.”

“ಗೊತ್ತೈತಿ. ಅದು ಹೆದರೇತಿ. ಮೊದಲ ಕಾಲಿನ ಜೋಡಿ ಮಾತಾಡೂನು.”

ಕಾಲು, ನಡು, ಬೆನ್ನು ದಾಟಿ ಅಜ್ಜನವರ ಬೆರಳು ಭುಜ ಮುಟ್ಟಿದ್ದೇ ತಡ, ನಲವತ್ತು ವರ್ಷದ ರೂಢಿ ಸುಮ್ಮನಿದ್ದೀತೆ? ಭುಜಕ್ಕೆ ಕೈ ಹಾಕಿದವರೆಲ್ಲ ಆ ಮೈಗೆ ಎದುರಾಳಿಗಳೇ. ಎಡಗೈ ತಾನಾಗಿಯೇ ಪಟ್ಟು ಹಾಕಿತು. ಪೂಜ್ಯರು ಬಾಗಿಲು ದಾಟಿ ಹಾರಿ ಹೊರಗಿನ ಹುಲ್ಲಿನ ಬಣವಿಯ ಮೇಲೆ ಬಿದ್ದರು. ಹಾರುವಾಗಲೂ ಅವರ ಕೈಯ ಬಟ್ಟಲಿನಿಂದ ಒಂದು ಹನಿ ಎಣ್ಣೆ ಚೆಲ್ಲಲಿಲ್ಲ.

ದುಂಡಪ್ಪ ಗಾಬರಿಯಾಗಿ ಚಾಪೆಯ ಮೇಲೆ ಎದ್ದು ಕೂತ. ಅಜ್ಜನವರು ಹುಲ್ಲು ಕೊಡವಿಕೊಂಡು ನಗುತ್ತ ಬಂದು ಮತ್ತೆ ಅವನ ಮಗ್ಗುಲಲ್ಲೇ ಕೂತರು.

“ಗೆದ್ದಿ ತಮ್ಮಾ. ಈಗ ಇನ್ನ ಯಾರ ಮ್ಯಾಲ ಬಿಗಿ ಹಿಡದೀ?”

ದುಂಡಪ್ಪ ಯೋಚಿಸಿದ. ಅವನ ಎದುರಾಳಿಗಳೆಲ್ಲ ಹಲ್ಲು ಬಿದ್ದು ಕಟ್ಟೆ ಹಿಡಿದು ಕೂತಿದ್ದರು. ಬಿಗಿಹಿಡಿದ ಉಸಿರು ತಾನಾಗಿ ಹೊರಬಿತ್ತು; ಅಜ್ಜನವರ ಕೈಯಲ್ಲಿ ಭುಜ ನಾದಿದ ಕಣಕದಂತೆ ಮೆತ್ತಗಾಯಿತು; ಬೆರಳ ತುದಿಯವರೆಗೂ ರಕ್ತ ಬೆಚ್ಚಗೆ ಹರಿಯಿತು. ಅಲ್ಲೇ ನಿದ್ದೆ ಹೋದ. ಆ ಗೊರಕೆ ಕೇಳಿ ಆಚೆ ದಂಡೆಯವರು ಗುಡುಗೆಂದು ಒಣಹಾಕಿದ ಜೋಳ ಒಳಗೆಳೆದರು.

ಎದ್ದ ಮೇಲೆ ಬಿಸಿನೀರು ಹುಯ್ಯಿಸಿದರು. “ನಾಳೆ ಚೂರು ನೊಯ್ತೈತಿ, ಅಂಜಬ್ಯಾಡ. ನೀರು ಕುಡಿ. ಗರಡಿ ಬ್ಯಾಡ,” ಎಂದರು.

ಹೀಗೆ ಏಳು ದಿನ. ಎಂಟನೆಯ ದಿನ ದುಂಡಪ್ಪ ಬಲಗೈಯಲ್ಲಿ ಮೊಮ್ಮಗಳನ್ನು ಎತ್ತಿಕೊಂಡೇ ಬಂದ. ಹರಸಲು ಎದ್ದ ಅಜ್ಜನವರು ಸೊಂಟ ಹಿಡಿದುಕೊಂಡದ್ದು ಅವನ ಕಣ್ಣಿಗೆ ಬಿತ್ತು. ಕೂಸನ್ನು ಚಾಪೆಯ ಮೇಲೆ ಮಲಗಿಸಿ, ಉಸ್ತಾದ ದುಂಡಪ್ಪ ಜೀವಮಾನದಲ್ಲಿ ಮೊದಲ ಸಲ ಇನ್ನೊಬ್ಬರಿಗಾಗಿ ಎಣ್ಣೆಯಲ್ಲಿ ಕೈ ಅದ್ದಿದ.

“ಮಲಕ್ಕೋರಿ ಅಜ್ಜಾರ.”

“ಮೆಲ್ಲಗೋ ತಮ್ಮಾ,” ಎಂದರು ಪೂಜ್ಯರು, “ನಾ ಕುಸ್ತಿಗೆ ಬಂದಿಲ್ಲ.”

ಅಂದಿನಿಂದ ಆ ಗರಡಿಯಲ್ಲಿ ಮೊದಲು ಉಸ್ತಾದನೇ ಶಿಷ್ಯರ ಮೈ ತಿಕ್ಕುತ್ತಾನೆ, ಅಂಗಾಲಿನಿಂದ ಶುರುಮಾಡಿ.