ಮೇಲಿನ ಸ್ವರಕ್ಕೆ ಕೂಡಿಟ್ಟ ಉಸಿರು

"ಗುರುಗಳೇ, ತಾರಸ್ಥಾಯಿಯ ಪಂಚಮ ಈಗ ನನಗೆ ಎಟಕುತ್ತಿಲ್ಲ. ಜನ ಕಾದು ಕೂರುವುದೇ ಆ ಸ್ವರಕ್ಕೆ. ಇನ್ನು ಕಚೇರಿ ಮಾಡುವುದನ್ನು ಬಿಟ್ಟುಬಿಡಲೆ?"

ಹೀಗೆ ಕೇಳಿದವಳು ಐವತ್ತಾರು ವರ್ಷದ ಶಿಷ್ಯೆ. ಮುಂದಿನ ವಾರದ ಕಚೇರಿಗೆ ಬರುವುದಿಲ್ಲವೆಂದು ಹೇಳಿಕಳುಹಿಸುವ ಮೊದಲು ಗುರುಗಳನ್ನು ಒಂದು ಮಾತು ಕೇಳಿ ಹೋಗೋಣವೆಂದು ಬಂದಿದ್ದಳು. ಗುರುಗಳಿಗೆ ಎಂಬತ್ತೆರಡು. ಅವರು ಬಿಡು ಎನ್ನಲಿಲ್ಲ, ಬಿಡಬೇಡ ಎಂದೂ ಅನ್ನಲಿಲ್ಲ. ಒಂದು ಕತೆ ಹೇಳಿದರು.

ಇಟಲಿ ದೇಶದಲ್ಲಿ ಒಬ್ಬ ಗಾಯಕಿ ಇದ್ದಳು. ಅಲ್ಲಿ ಒಪೆರಾ ಎಂಬ ನಾಟಕವಿದೆ. ಅದರಲ್ಲಿ ಮಾತನ್ನೂ ಹಾಡಿಯೇ ಆಡಬೇಕು. ಎತ್ತರದ ದನಿಯ ಹೆಂಗಸನ್ನು ಸೊಪ್ರಾನೊ ಎನ್ನುತ್ತಾರೆ. ಈಕೆ ಅಂಥವಳು. ಮೈಕು ಇಲ್ಲ. ಎದುರಿಗೆ ಅರವತ್ತು ಜನ ವಾದ್ಯ ನುಡಿಸುತ್ತಾರೆ. ಅವರನ್ನು ದಾಟಿ ಅವಳ ದನಿ ಮೇಲಿನ ಅಗ್ಗದ ಸಾಲಿನ ಕೊನೆಯವನಿಗೂ ಮುಟ್ಟಬೇಕು. ಗಂಟಲಿನ ಬಲದಿಂದ ಇದನ್ನು ಮಾಡಹೊರಟವರು ನಲವತ್ತಕ್ಕೇ ಮನೆ ಸೇರುತ್ತಾರೆ. ಈಕೆ ಉಸಿರನ್ನು ನಂಬಿದ್ದಳು. ಅರವತ್ತೊಂದರಲ್ಲೂ ರಂಗದ ಮೇಲಿದ್ದಳು.

ಅವಳಿಗೆ ಹೆಸರು ತಂದದ್ದು ಒಂದು ಹಾಡು. ಮದುವೆಯಾಗಿ ದೂರ ಹೊರಟ ಹುಡುಗಿ ತವರನ್ನು ಬೀಳ್ಕೊಳ್ಳುವ ಹಾಡು. ಅದರ ಕೊನೆಗೆ ಎಲ್ಲಕ್ಕಿಂತ ಎತ್ತರದ ಒಂದು ಸ್ವರ. ಅದು ಬರುವ ತನಕ ಜನ ಕೆಮ್ಮನ್ನೂ ತಡೆದುಕೊಂಡು ಕೂರುತ್ತಿದ್ದರು. ಬಂದರೆ ಹತ್ತು ನಿಮಿಷ ಚಪ್ಪಾಳೆ. ಬರದಿದ್ದರೆ ಸಿಳ್ಳೆ. ಅಲ್ಲಿ ಸಿಳ್ಳೆ ಎಂದರೆ ಮೆಚ್ಚುಗೆಯಲ್ಲ, ಮುಖಕ್ಕೆ ಉಗಿದಂತೆ. ಅವಳ ಊರಿನವರಿಗಂತೂ ದಾಕ್ಷಿಣ್ಯ ಎಂಬುದೇ ಇರಲಿಲ್ಲ.

ಅರವತ್ತೊಂದನೆಯ ವರ್ಷ ಆ ಸ್ವರ ಬರಲಿಲ್ಲ. ಬೆಳಿಗ್ಗೆ ಪ್ರಯತ್ನಿಸಿದಳು, ಸಂಜೆ ಪ್ರಯತ್ನಿಸಿದಳು. ಒಂದು ವಾರ ಯಾರೊಂದಿಗೂ ಮಾತನಾಡದೆ ಗಂಟಲಿಗೆ ಬಿಡುವು ಕೊಟ್ಟು ನೋಡಿದಳು. ಬರಲಿಲ್ಲ. ಆ ಹಾಡಿರುವ ನಾಟಕ ಅವಳ ಊರಿನಲ್ಲೇ ನಡೆಯಲು ಹದಿನೈದು ದಿನವಿತ್ತು. ಹುಟ್ಟಿದ ಊರಿನಲ್ಲಿ ಸಿಳ್ಳೆ ಕೇಳಿಸಿಕೊಳ್ಳುವುದಕ್ಕಿಂತ ಹಾಡುವುದನ್ನೇ ಬಿಡುವುದು ಮೇಲು ಎಂದು ತೀರ್ಮಾನಿಸಿದಳು. ಅಭ್ಯಾಸದಲ್ಲಿ ತನಗೆ ಪಿಯಾನೊ ನುಡಿಸುತ್ತಿದ್ದ ಮುದುಕನಿಗೆ ಹಾಗೆಯೇ ಹೇಳಿದಳು.

ಮುದುಕ ಅವಳ ಹಳೆಯ ಸ್ವರಲಿಪಿಯ ಪುಸ್ತಕವನ್ನೇ ತೆಗೆದು ಹಾಡಿನ ಕೊನೆಯ ಪುಟ ತೋರಿಸಿದ. ಅಚ್ಚಿನಲ್ಲಿದ್ದದ್ದು ಕೆಳಗಿನ ಸ್ವರ. ಮೇಲಿನದನ್ನು ಅವಳ ಹರೆಯದಲ್ಲಿ ಅವಳ ಗುರು ಪೆನ್ಸಿಲಿನಲ್ಲಿ ಬರೆದುಕೊಟ್ಟಿದ್ದ. ಅದು ಹಾಡುವವರು ತಲೆಮಾರಿನಿಂದ ಸೇರಿಸಿಕೊಂಡು ಬಂದದ್ದು, ಹಾಡು ಕಟ್ಟಿದವನು ಕೇಳಿದ್ದಲ್ಲ. ಅವಳಿಗೂ ಇದು ಒಂದು ಕಾಲದಲ್ಲಿ ಗೊತ್ತಿತ್ತು. ಚಪ್ಪಾಳೆಯ ಸದ್ದಿನಲ್ಲಿ ಮರೆತುಹೋಗಿತ್ತು.

"ಕೆಳಗಿನದನ್ನು ಹಾಡಿದರೆ ಜನ ಸುಮ್ಮನಿರುತ್ತಾರೆಯೆ?" ಎಂದಳು.

"ಅದು ನನಗೆ ಗೊತ್ತಿಲ್ಲ, ತಾಯಿ. ಮೇಲಿನದಕ್ಕೆಂದು ಮೂವತ್ತು ವರ್ಷ ಉಸಿರು ಕೂಡಿಡುತ್ತಿದ್ದಿರಲ್ಲ, ಆ ಉಸಿರನ್ನು ಈಗ ಏನು ಮಾಡುತ್ತೀರಿ?"

ಅವಳು ಹಾಡನ್ನು ಮೊದಲಿನಿಂದ ಎತ್ತಿಕೊಂಡಳು. ಆಗ ತಿಳಿಯಿತು. ಕೊನೆಯ ಸ್ವರಕ್ಕೆ ಮೊದಲು ಬರುವ ನಾಲ್ಕು ಸಾಲನ್ನು ಅವಳು ಎಂದೂ ತುಂಬಿ ಹಾಡಿರಲಿಲ್ಲ. ಪಾಯಸಕ್ಕೆ ಹೊಟ್ಟೆಯಲ್ಲಿ ಜಾಗ ಬಿಟ್ಟುಕೊಂಡು ಉಣ್ಣುವವರಂತೆ, ಉಸಿರು ಉಳಿಸಿಕೊಳ್ಳುತ್ತ ಅವಸರದಲ್ಲಿ ದಾಟಿಬಿಡುತ್ತಿದ್ದಳು. ಹುಡುಗಿ ತನ್ನ ತಾಯಿಯನ್ನು ಕರೆಯುವುದು ಆ ಸಾಲುಗಳಲ್ಲೇ.

ನಾಟಕದ ದಿನ ಆ ನಾಲ್ಕು ಸಾಲಿಗೆ ತನ್ನಲ್ಲಿದ್ದ ಉಸಿರನ್ನೆಲ್ಲ ಕೊಟ್ಟಳು. ಕೊನೆಯಲ್ಲಿ ಅಚ್ಚಿನಲ್ಲಿದ್ದ ಸ್ವರಕ್ಕೆ ಮೆಲ್ಲನೆ ಇಳಿದು ನಿಂತಳು. ಸಿಳ್ಳೆ ಬರಲಿಲ್ಲ. ಚಪ್ಪಾಳೆಯೂ ಕೂಡಲೇ ಬರಲಿಲ್ಲ. ಆಮೇಲೆ ಬಂತು, ಆದರೆ ಹಿಂದಿನಷ್ಟು ಜೋರಾಗಿ ಅಲ್ಲ. ಎಷ್ಟೋ ಜನ ಕಣ್ಣೊರೆಸಿಕೊಳ್ಳುತ್ತಿದ್ದರು, ತಟ್ಟಲು ಕೈಗೆ ಬಿಡುವಿರಲಿಲ್ಲ.

ಆಟ ಮುಗಿದ ಮೇಲೆ ಒಬ್ಬ ಕ್ಷೌರಿಕ ಅವಳನ್ನು ಕಾಣಲು ಬಂದ. ಮೂವತ್ತು ವರ್ಷದಿಂದ ಅಗ್ಗದ ಸಾಲಿನಲ್ಲಿ ನಿಂತು ಅವಳ ಹಾಡು ಕೇಳಿದವನು, ಮೊದಮೊದಲು ಸಿಳ್ಳೆಯನ್ನೂ ಹೊಡೆದವನು. ಈ ಹಾಡಿನಲ್ಲಿ ಹುಡುಗಿ ತಾಯಿಯನ್ನು ಕರೆಯುತ್ತಾಳೆಂಬುದು ತನಗೆ ಇಂದೇ ಗೊತ್ತಾದದ್ದು ಎಂದ. ಕೇಳಿಸಿದಿರಿ, ನಿಮಗೆ ಒಳ್ಳೆಯದಾಗಲಿ ಎಂದು ಹೇಳಿ ಹೋದ.

ಬಾರದೆ ಹೋದ ಆ ಸ್ವರಕ್ಕೆ ಗಾಯಕಿ ಎರಡು ಸಲ ಕೈಮುಗಿದಳು. ಅಷ್ಟು ವರ್ಷ ಜೊತೆಗಿದ್ದದ್ದಕ್ಕೆ ಒಂದು ಸಲ, ಹೊತ್ತರಿತು ಎದ್ದುಹೋದದ್ದಕ್ಕೆ ಇನ್ನೊಂದು ಸಲ. ಆಮೇಲೆ ಎಂಟು ವರ್ಷ ಹಾಡಿದಳು.

ಗುರುಗಳು ಕತೆ ನಿಲ್ಲಿಸಿದರು. ತನ್ನ ಕಚೇರಿಗೆ ಬರುವವರು ಆ ಕ್ಷೌರಿಕನಷ್ಟು ದೊಡ್ಡ ಮನಸ್ಸಿನವರಲ್ಲ ಎಂದಳು ಶಿಷ್ಯೆ. ಗುರುಗಳು ನಕ್ಕರು.

"ಅವರ ಮಾತು ಆಮೇಲೆ, ತಂಗಿ, ಆ ಒಂದು ಪಂಚಮವನ್ನು ಸಾಕಲು ನೀನು ಇಷ್ಟು ವರ್ಷ ಎಷ್ಟು ಸ್ವರಗಳನ್ನು ಉಪವಾಸ ಕೆಡವಿದ್ದೀ, ಅದನ್ನು ಮೊದಲು ಹೇಳು."