ಗಾಯ ಬೇಡಿದ ಟ್ಯಾಂಕು

ಚೆಂಗಪ್ಪನವರು ಪ್ಲಾಸ್ಟಿಕ್ ತುಂಡುಗಳನ್ನು ಅಂಟಿಸಿ ಮಾಡಿದ ಅಂಗೈಯಗಲದ ಯುದ್ಧ ಟ್ಯಾಂಕಿಗೆ ಸಮಾಧಾನವೇ ಇರಲಿಲ್ಲ. ಪಕ್ಕದ ಹಳೆಯ ಟ್ಯಾಂಕುಗಳ ಮೈಮೇಲೆ ಕೆಸರು, ತುಕ್ಕು ಎಲ್ಲವನ್ನೂ ಅವರು ಬಣ್ಣದಲ್ಲೇ ಮೂಡಿಸಿದ್ದರು.

"ನನಗೂ ತುಕ್ಕು ಬಳಿಯಯ್ಯ, ಯುದ್ಧ ಕಂಡವನ ಹಾಗೆ ಕಾಣಬೇಕು," ಎಂದು ಅದು ಕುಂಚವನ್ನು ಕೇಳಿತು.

ಕುಂಚ ತಾನಾಗಿಯೇ ಬಳಿದು, "ಸಾಕೇ?" ಎಂದಿತು.

"ಸಾಲದು. ಮಸಿ ಹಚ್ಚು. ಗುಂಡು ತಗುಲಿದ ಗುರುತೂ ಇರಲಿ."

"ಮೊದಲು ಇದು ಒಣಗಲಿ, ಆಮೇಲೆ ನೋಡೋಣ."

"ಕಾಯುವುದು ನನ್ನಿಂದಾಗದು. ಹಚ್ಚು."

ಕುಂಚ ಹಸಿ ಬಣ್ಣದ ಮೇಲೆಯೇ ಎಲ್ಲವನ್ನೂ ಹಚ್ಚಿತು.

ಮರುದಿನ ರಣರಂಗದ ಮಾದರಿ ಜೋಡಿಸಲು ಕುಳಿತ ಚೆಂಗಪ್ಪನವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. "ಸೋತವರ ಕಡೆಗೆ ಒಂದು ಸುಟ್ಟ ಗಾಡಿ ಬೇಕಿತ್ತು," ಎಂದು ಮಾದರಿಯ ಹಳ್ಳದಲ್ಲಿ ಅದನ್ನು ಮಗುಚಿ ಅಂಟಿಸಿದರು. ಮತ್ತಷ್ಟು ಮಸಿ ಬಳಿಯಲು ಬಂದ ಕುಂಚಕ್ಕೆ ಟ್ಯಾಂಕು ಮೊದಲ ಸಲ "ಸಾಕು" ಎಂದಿತು. ಆದರೆ ಕುಂಚ ಆಗ ಚೆಂಗಪ್ಪನವರ ಕೈಯಲ್ಲಿತ್ತು.