ಮುಸುವನ ಕಾವಲು, ಮಂಪರು ಸೊಪ್ಪು

ಒಂದು ಕಾಡಿನಲ್ಲಿ ಒಂದು ಮಾತಿತ್ತು: ಮುಸುವ ಸುಮ್ಮನಿದ್ದರೆ ಕಾಡು ಕ್ಷೇಮ. ಕೆರೆಯ ಪಕ್ಕದ ಮತ್ತಿಮರದ ತುದಿಯಲ್ಲಿ ಬೊಮ್ಮಣ್ಣ ಎಂಬ ಕರಿಮೂತಿಯ, ಉದ್ದ ಬಾಲದ ಮುಸುವ ಕೋತಿ ಹಗಲೆಲ್ಲ ಕಾವಲು ಕೂರುತ್ತಿದ್ದ. ಹುಲಿಯೋ ಚಿರತೆಯೋ ಕಂಡರೆ "ಖಕ್, ಖಕ್" ಎಂದು ಕೆಮ್ಮುತ್ತಿದ್ದ. ಆ ಕೆಮ್ಮು ಕೇಳಿದರೆ ಕೆಳಗಿನ ಜಿಂಕೆಗಳು ಓಡುತ್ತಿದ್ದವು. ಕೇಳದಿದ್ದರೆ ತಲೆ ತಗ್ಗಿಸಿ ನೆಮ್ಮದಿಯಾಗಿ ಮೇಯುತ್ತಿದ್ದವು. ಬೊಮ್ಮಣ್ಣನ ಅಪ್ಪ ಅದೇ ಕೊಂಬೆಯಲ್ಲಿ ಕೂತವನು, ಅಜ್ಜನೂ ಅಷ್ಟೆ. ಆ ಕೊಂಬೆಯ ವಿಷಯದಲ್ಲಿ ಅವನಿಗೆ ತುಸು ಜಂಬವೂ ಇತ್ತು.

ಆ ಕಾಡಿನ ಬಂಡೆಯ ಮಗ್ಗುಲಲ್ಲಿ ಮಂಪರು ಸೊಪ್ಪು ಬೆಳೆಯುತ್ತಿತ್ತು. ತಿಂದರೆ ನೋವು ಮರೆಯುತ್ತದೆ, ಜೊತೆಗೆ ಲೋಕವೂ ಮರೆಯುತ್ತದೆ. ಹಿಂದೆ ಯಾವಾಗಲೋ ಒಂದು ಸಲಗ ಅದನ್ನು ಬಾಯಿತುಂಬ ತಿಂದು ಕೊರಕಲಿಗೆ ಬಿದ್ದಿತ್ತಂತೆ. ಅಂದಿನಿಂದ ಆ ಸೊಪ್ಪನ್ನು ಯಾರೂ ಮುಟ್ಟಬಾರದು ಎಂಬ ಕಟ್ಟಳೆ ಇತ್ತು.

ಆ ವರ್ಷ ಚೆಲುವಿ ಎಂಬ ಕಡವೆಯ ಹಿಂಗಾಲು ಬೇಟೆಗಾರರ ಉರುಳಿಗೆ ಸಿಕ್ಕಿ ಮುರಿಯಿತು. ಹೇಗೋ ಬಿಡಿಸಿಕೊಂಡು ಬಂದಳು. ಮೂಳೆ ಕೂಡಿತು, ಆದರೆ ಸೊಟ್ಟಗೆ ಕೂಡಿತು. ಅವಳ ನರಳಾಟ ಇಡೀ ಕಾಡಿಗೆ ಕೇಳುತ್ತಿತ್ತು. ಕೊನೆಗೆ ಕಾಡಿಗೆಲ್ಲ ಮದ್ದು ಕೊಡುವ ಮುಳ್ಳುಹಂದಿ ಅಜ್ಜಿ, ಆನೆಗಳ ಹಿರಿಯಳಾದ ದೊಡ್ಡಮ್ಮನ ಮುಂದೆ ಸಭೆ ಸೇರಿಸಿದಳು.

"ದೊಡ್ಡಮ್ಮ, ಇವಳು ಸರಿಯಾಗಿ ಕಣ್ಣು ಮುಚ್ಚಿ ನಾಲ್ಕು ತಿಂಗಳಾಯ್ತು. ದಿನಕ್ಕೆ ಒಂದೇ ಒಂದು ಎಲೆ ಸಾಕು. ನಾನೇ ಅರೆದು ಕೊಡ್ತೀನಿ."

ಕರಡಿ ಎದ್ದು ನಿಂತಿತು. "ಇವತ್ತು ಮದ್ದು ಅಂತೀರ, ನಾಳೆ ಹಬ್ಬ ಮಾಡ್ತೀರ. ಒಂದು ಸಲ ಬೇಲಿ ತೆಗೆದ್ರೆ ಮತ್ತೆ ಕಟ್ಟೋರು ಯಾರು?"

"ಹಿಪ್ಪೆ ಹೂ ತಿಂದು ಮೂರು ದಿನ ಉರುಳಾಡೋರು ಈ ಮಾತು ಹೇಳ್ತಿದ್ದೀರಲ್ಲ, ಕರಡಿಯಣ್ಣ," ಎಂದಿತು ಹಿಂದಿನಿಂದ ನರಿ. ಎಲ್ಲರೂ ನಕ್ಕರು. ಕರಡಿ ಕೂತುಬಿಟ್ಟಿತು.

ನರಿ ಕಣ್ಣೊರೆಸಿಕೊಳ್ಳುತ್ತ ಮುಂದೆ ಬಂತು. "ಚೆಲುವಕ್ಕನ ನರಳಾಟ ಕೇಳಿ ನನ್ನ ಕರುಳು ಕಿತ್ತು ಬರುತ್ತೆ, ದೊಡ್ಡಮ್ಮ. ಆದ್ರೆ ಅವಳೊಬ್ಬಳಿಗೇ ಯಾಕೆ? ನೋವು ಯಾರಿಗಿಲ್ಲ? ಬೇಕಾದೋರು ತಿನ್ನಲಿ, ಬೇಡದೋರು ಬಿಡಲಿ. ಅವರವರ ಹೊಟ್ಟೆ, ಅವರವರ ಇಷ್ಟ."

ನರಿಯ ಮಾತಿನಲ್ಲಿ ತಪ್ಪು ಹುಡುಕುವುದು ಸುಲಭವಲ್ಲ, ಅದೇ ತೊಂದರೆ. ದೊಡ್ಡಮ್ಮ ಚೆಲುವಿಯ ಕಾಲು ನೋಡಿದಳು. ಅವಳ ಮನಸ್ಸು ಕರಗಿತು. ಯಾರಿಗೆ, ಎಷ್ಟು, ಯಾವಾಗ ಎಂದು ಕೇಳುವುದನ್ನು ಮರೆತು, ಕಟ್ಟಳೆಯನ್ನೇ ತೆಗೆದುಹಾಕಿದಳು. ಅಂದು ಚೆಲುವಿ ನಾಲ್ಕು ತಿಂಗಳಲ್ಲಿ ಮೊದಲ ಸಲ ಚೆನ್ನಾಗಿ ನಿದ್ದೆ ಮಾಡಿದಳು. ಬೊಮ್ಮಣ್ಣನಿಗೂ ಅದನ್ನು ನೋಡಿ ಸಂತೋಷವಾಯಿತು.

ಮಾರನೆಯ ದಿನ ನರಿ ಒಂದು ಹಿಡಿ ಸೊಪ್ಪು ಕಚ್ಚಿಕೊಂಡು ಮತ್ತಿಮರದ ಬುಡಕ್ಕೆ ಬಂತು.

"ಬೊಮ್ಮಣ್ಣ, ದಿನವಿಡೀ ಬಿಸಿಲಲ್ಲಿ ಕೂತು ಬೆನ್ನು ನೋಯಲ್ವಾ?"

"ನೋಯುತ್ತೆ. ಏನ್ಮಾಡೋದು, ಕೆಲಸ."

"ಎಲ್ಲರಿಗೂ ನೀನು ಕಾವಲು. ನಿನ್ನನ್ನ ನೋಡಿಕೊಳ್ಳೋರು ಯಾರು, ಹೇಳು?"

ಹಾಗೆ ಯಾರೂ ಬೊಮ್ಮಣ್ಣನನ್ನು ಕೇಳಿರಲಿಲ್ಲ. ಅವನು ಕೆಳಗಿಳಿದು ಎರಡು ಎಲೆ ತಿಂದ. ಬೆನ್ನು ಹಗುರಾಯಿತು, ಬಿಸಿಲು ತಂಪಾಯಿತು, ಎಲ್ಲವೂ ಚೆಂದ ಕಂಡಿತು. ಮಾರನೆಯ ದಿನ ನರಿ ಮತ್ತೆ ತಂದಿತು. ಅದರ ಮಾರನೆಯ ದಿನವೂ ತಂದಿತು. ಯಾರಿಗೂ ಒಂದು ಕಡ್ಡಿ ಎತ್ತಿಕೊಡದ ನರಿ ನನಗೇಕೆ ದಿನವೂ ಸೊಪ್ಪು ಹೊರುತ್ತದೆ ಎಂದು ಬೊಮ್ಮಣ್ಣ ಯೋಚಿಸಲಿಲ್ಲ. ಯೋಚಿಸುವ ಹೊತ್ತಿಗೆ ಕಣ್ಣು ಎಳೆಯುತ್ತಿತ್ತು.

ಒಂದು ಮಧ್ಯಾಹ್ನ ಹುಲ್ಲಿನ ನಡುವೆ ಏನೋ ಹಳದಿ ಕಂಡಿತು. ಎಲೆಗಳ ಸಂದಿಯಿಂದ ಬಿದ್ದ ಬಿಸಿಲಿರಬೇಕು ಎಂದುಕೊಂಡ ಬೊಮ್ಮಣ್ಣ. ಬಿಸಿಲು ಮೆಲ್ಲಗೆ ಹತ್ತಿರ ಬಂತು. ಆಗಲೂ ಅವನು ಕೆಮ್ಮಲಿಲ್ಲ. ಮುಸುವ ಸುಮ್ಮನಿದ್ದಾನೆ ಎಂದು ಜಿಂಕೆಗಳು ತಲೆ ಎತ್ತಲಿಲ್ಲ. ಚಿರತೆ ಒಂದು ಮರಿಯನ್ನು ಹೊತ್ತೊಯ್ದಿತು. ಅದು ತಿಂದು ಬಿಟ್ಟದ್ದನ್ನು ನರಿ ಮೂರು ದಿನ ಕೂತು ತಿಂದಿತು.

"ಬಿಸಿಲು ಕಣ್ಣಿಗೆ ಹೊಡೀತು," ಎಂದ ಬೊಮ್ಮಣ್ಣ. ಎಲ್ಲರೂ ನಂಬಿದರು. ಮರಿಯ ತಾಯಿಯೂ ನಂಬಿದಳು. ಅದೇ ಅವನಿಗೆ ಹೆಚ್ಚು ಚುಚ್ಚಿತು. ಆ ಚುಚ್ಚು ಮರೆಯಲು ಮತ್ತೆ ಸೊಪ್ಪು ತಿಂದ.

ಮೂರನೆಯ ದಿನ ನರಿ ಹೊಟ್ಟೆ ತುಂಬಿ ಅದೇ ಮರದ ನೆರಳಿನಲ್ಲಿ ಕಾಲು ಚಾಚಿ ಮಲಗಿತು. ನರಿಯೂ ಆ ಕಾಡಿನದೇ ತಾನೆ. ಹುಟ್ಟಿದಾಗಿನಿಂದ ಬೊಮ್ಮಣ್ಣನ ಕೆಮ್ಮನ್ನೇ ನಂಬಿ ನಿದ್ದೆ ಮಾಡಿದ್ದು ಅದು. ಆ ಕೆಮ್ಮನ್ನು ತಾನೇ ಅಡಗಿಸಿದ್ದೇನೆ ಎನ್ನುವುದು ಹೊಟ್ಟೆ ತುಂಬಿದ ಸುಖದಲ್ಲಿ ಮರೆತೇಹೋಗಿತ್ತು. ಸೀಳುನಾಯಿಗಳ ಹಿಂಡು ಬಂತು, ಮೇಲಿನಿಂದ ಕೆಮ್ಮು ಬರಲಿಲ್ಲ. ಜಿಂಕೆಗಳು ಗಾಳಿಯಲ್ಲಿ ವಾಸನೆ ಹಿಡಿದು ಓಡಿದವು. ನರಿ ಎಚ್ಚರಗೊಂಡಾಗ ಅದರ ಕಾಲು ಒಂದು ನಾಯಿಯ ಬಾಯಲ್ಲಿತ್ತು. ಹೇಗೋ ತಪ್ಪಿಸಿಕೊಂಡು ಬಂಡೆಯ ಸಂದಿಗೆ ನುಗ್ಗಿತು, ಜೀವ ಉಳಿಯಿತು. ಕಾಲು ಉಳಿಯಲಿಲ್ಲ.

ಸಂಜೆ ಮತ್ತೆ ಸಭೆ ಸೇರಿತು. ಈ ಸಲ ಯಾರೂ ನಗಲಿಲ್ಲ.

"ನಾನು ಆವತ್ತೇ ಹೇಳಿದ್ದೆ," ಎಂದಿತು ಕರಡಿ. "ಸೊಪ್ಪಿನ ಕಟ್ಟಳೆ ತೆಗೆದಾಗಿನಿಂದಲೇ ಕೇಡು ಬಂತು: ಮರಿ ಹೋಯ್ತು, ಈಗ ನರಿಯ ಕಾಲೂ ಹೋಯ್ತು. ಬೇರುಸಮೇತ ಕಿತ್ತು ಕೆರೆಗೆ ಹಾಕೋಣ."

ಎಲ್ಲರೂ ಹೂಂ ಎಂದರು. ಚೆಲುವಿ ಸೊಟ್ಟ ಕಾಲನ್ನು ಒಂದಿಷ್ಟು ಸರಿಸಿ, ಹಲ್ಲು ಕಚ್ಚಿ ನಿಂತಳು. ಇನ್ನು ನಿದ್ದೆಯಿಲ್ಲ ಎಂದು ಅವಳಿಗೆ ಗೊತ್ತಾಗಿತ್ತು. ಬೊಮ್ಮಣ್ಣನಿಗೂ ಅದು ಗೊತ್ತಾಯಿತು. ಈಗ ತಾನು ಸುಮ್ಮನಿದ್ದರೆ ಅಪ್ಪನ ಕೊಂಬೆ ತನಗೇ ಉಳಿಯುತ್ತದೆ. ಸೊಪ್ಪಿನ ಮೇಲೆ ತಪ್ಪು ಹೋಗುತ್ತದೆ, ಚೆಲುವಿ ನರಳುತ್ತಾಳೆ. ಸುಮ್ಮನಿದ್ದು ಒಂದು ಮರಿಯನ್ನು ಕಳೆದದ್ದು ಸಾಲದೇ ಎಂದು ಅವನ ಎದೆ ಕೇಳಿತು.

"ಖಕ್," ಎಂದ ಬೊಮ್ಮಣ್ಣ. ಜಿಂಕೆಗಳು ಅಭ್ಯಾಸಬಲದಿಂದ ನಾಲ್ಕು ಹೆಜ್ಜೆ ಓಡಿ ನಿಂತವು.

"ಬಿಸಿಲು ಹೊಡೀಲಿಲ್ಲ, ದೊಡ್ಡಮ್ಮ. ನಾನು ಸೊಪ್ಪು ತಿಂದು ಕಾವಲು ಕೂತಿದ್ದೆ. ನರಿ ತಂದುಕೊಡ್ತು, ನಿಜ. ಆದ್ರೆ ತಿಂದ ಬಾಯಿ ನನ್ನದು. ನನ್ನ ತಪ್ಪಿಗೆ ಚೆಲುವಕ್ಕನ ಮದ್ದು ಕೀಳಬೇಡಿ."

ಮರಿಯ ತಾಯಿ ಅವನನ್ನು ನೋಡಿದಳು. ಅವನಿಗೆ ಅವಳ ಕಣ್ಣನ್ನು ಎದುರಿಸಲಾಗಲಿಲ್ಲ.

ದೊಡ್ಡಮ್ಮ ಮುಂದೆ ಬಂದಳು. "ತಪ್ಪಿನಲ್ಲಿ ನನ್ನ ಪಾಲೂ ಇದೆ. ಮೊದಲು ಎಲ್ಲಾ ಬಿಗಿದಿದ್ವಿ, ಆಮೇಲೆ ಎಲ್ಲಾ ಬಿಟ್ವಿ. ಇನ್ನು ಸೊಪ್ಪು ಅಜ್ಜಿಯ ಕೈಲಿರಲಿ. ನೋವಿರೋರಿಗೆ ಅಳತೆ ಪ್ರಕಾರ ಕೊಡಲಿ. ಕಾವಲು ಕೂತೋರು, ಮರಿ ಕಟ್ಟಿಕೊಂಡೋರು ಮುಟ್ಟೋ ಹಾಗಿಲ್ಲ."

"ಕೆಲಸ ಮುಗಿದ ಮೇಲೆ ಸುಮ್ಮನೆ ಖುಷಿಗೆ ತಿನ್ನೋರು?" ಎಂದು ಒಂದು ಕಾಡುಹಂದಿ ಕೇಳಿತು.

"ಅದು ನನಗಿನ್ನೂ ಗೊತ್ತಾಗಿಲ್ಲ ಕಣಪ್ಪ. ಮಳೆಗಾಲ ಕಳೀಲಿ, ಮತ್ತೆ ಕೂತು ಮಾತಾಡೋಣ. ಅಲ್ಲೀವರೆಗೆ ಯಾರೂ ಮುಟ್ಟಬೇಡಿ. ಈ ಸಲ ಅವಸರ ಬೇಡ."

ಬೊಮ್ಮಣ್ಣ ಕೊಂಬೆ ಬಿಟ್ಟುಕೊಟ್ಟ. ಅವನ ತಂಗಿಯ ಮಗಳು ಮೇಲೆ ಕೂತಳು. ಆಗಾಗ "ಹೂಪ್" ಎನ್ನಬೇಕು, ಎಚ್ಚರವಾಗಿದ್ದೇನೆ ಎಂದು ಕೆಳಗಿನವರಿಗೆ ತಿಳಿಸಬೇಕು ಎಂದು ಹೊಸ ಪದ್ಧತಿ ಬಂತು. ಜಿಂಕೆಗಳು ಕೂಡ ಎರಡು ಬಾಯಿ ಹುಲ್ಲು ಮೇದು ಒಮ್ಮೆ ಮೇಲೆ ನೋಡುವುದನ್ನು ಕಲಿತವು.

ನರಿ ಮೂರು ಕಾಲಲ್ಲಿ ಕುಂಟುತ್ತ ಅಜ್ಜಿಯ ಬಿಲದ ಮುಂದೆ ಬಂತು. "ನೋವು ತಡೆಯೋಕಾಗ್ತಿಲ್ಲ, ಅಜ್ಜಿ."

ಅಜ್ಜಿ ಒಳಗೆ ಹೋಗಿ ಒಂದು ಎಲೆ ಅರೆದು ತಂದಳು. "ತಗೋ. ನೋವು ನಿಜವಾದ್ರೆ ನಿನಗೂ ಉಂಟು. ಒಂದೇ ಎಲೆ. ಇಲ್ಲೇ, ನನ್ನ ಕಣ್ಣೆದುರಿಗೇ ತಿನ್ನು."

ನರಿ ಚೆಲುವಿಯ ಪಕ್ಕದಲ್ಲೇ ಕೂತು, ತಲೆ ಎತ್ತದೆ ತಿಂದಿತು.

ನೀತಿ: ಮದ್ದನ್ನು ಬಚ್ಚಿಡುವ ಮುನ್ನ ನೋಯುವವರನ್ನು ನೆನೆಯಬೇಕು, ಬಿಚ್ಚಿಡುವ ಮುನ್ನ ಕಾಯುವವರನ್ನು ನೆನೆಯಬೇಕು, ಪರರ ನೋವು ತೋರಿಸಿ ಬೇಡುವವನು ಯಾರ ಹೊಟ್ಟೆಗೆ ಬೇಡುತ್ತಿದ್ದಾನೆ ಎಂದೂ ಕೇಳಬೇಕು.